ಬಿದ್ದದ್ದು ಯಾವ ರೂಪಾಯಿ?

ರೂಪಾಯಿ ಬಿದ್ದ ಸುದ್ದಿ ಓದಿ ಮಂದಿಗೆ ತಿಂಡಿ ಕೊಡಿಸಿದ ಮನುಷ್ಯ ಇಡೀ ಬಳ್ಳಾರಿಯಲ್ಲಿ ಒಬ್ಬನೇ. ಅವನ ಹೆಸರು ಗಾದಿಲಿಂಗ.

ಅದು 2022ರ ಮಾರ್ಚ್. ಯುಗಾದಿಗೆ ಇನ್ನು ಹದಿನೈದಿಪ್ಪತ್ತು ದಿನ ಇತ್ತು. ಸತ್ಯನಾರಾಯಣಪೇಟೆಯ ಮಂಡಕ್ಕಿ ಒಗ್ಗರಣಿ ಅಂಗಡಿಯ ಟೀವಿಗೆ ಸದ್ದು ಇರಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಬೇಯುವ ಸದ್ದೇ ಗಿರಾಕಿಗೆ ಸಾಕು ಎಂಬುದು ಅಂಗಡಿಯವನ ನಂಬಿಕೆ. ಮೇಲಿನ ದೇವರ ಫೋಟೋದಿಂದ ಜೋತುಬಿದ್ದ ಹೂವಿನ ಹಾರ ಟೀವಿಯ ಎಡಗಡೆ ಒಂದು ಗೇಣು ಮುಚ್ಚಿತ್ತು. ಉಳಿದ ಜಾಗದಲ್ಲಿ ದಪ್ಪ ಕೆಂಪು ಅಕ್ಷರ: ‘ರೂಪಾಯಿ ಪಾತಾಳಕ್ಕೆ’.

ಪಕ್ಕದವರು ಅಯ್ಯೋ ಅಂದರು. ಗಾದಿಲಿಂಗ ಮಾತ್ರ ಎದ್ದುನಿಂತು ಅಂಗಿ ಸರಿಮಾಡಿಕೊಂಡ. ರೂಪಾಯಿ ಬಿದ್ದರೆ ಹೊರದೇಶಕ್ಕೆ ಮಾಲು ಕಳಿಸುವವರಿಗೆ ಹಬ್ಬ. ಅವರು ಡಾಲರಿನಲ್ಲಿ ಕೊಡುತ್ತಾರೆ, ನಮಗೆ ಒಂದೊಂದು ಡಾಲರಿಗೂ ಹೆಚ್ಚು ರೂಪಾಯಿ ಸಿಗುತ್ತದೆ ಎಂದು ಅವನು ಯಾರಿಂದಲೋ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಅದನ್ನೇ ಅಂಗಡಿಯಲ್ಲಿದ್ದವರಿಗೆಲ್ಲ ಬಿಡಿಸಿ ಹೇಳಿದ. ಅರ್ಥವಾಗದವರಿಗೂ ಆಗಲಿ ಎಂದು ಹದಿನಾರು ಪ್ಲೇಟ್ ಒಗ್ಗರಣಿ, ಮೇಲೆ ಎರಡೆರಡು ಮಿರ್ಚಿ ಕೊಡಿಸಿದ. ಅರ್ಥಶಾಸ್ತ್ರ ಇಷ್ಟು ಖಾರವಾಗಿ, ಇಷ್ಟು ಬೇಗ ಯಾರ ಹೊಟ್ಟೆಗೂ ಇಳಿದಿರಲಿಕ್ಕಿಲ್ಲ.

ಹಾರದ ಹಿಂದೆ ‘ಲಂಕಾ’ ಎಂಬ ಎರಡಕ್ಷರ ಇದ್ದವು.

ಗಾದಿಲಿಂಗ ಹುಟ್ಟಿದ್ದು ಕುರುಗೋಡಿನಲ್ಲಿ. ಹದಿನೈದನೆಯ ವಯಸ್ಸಿಗೆ ಬಳ್ಳಾರಿಗೆ ಬಂದು ಜೀನ್ಸ್ ಯೂನಿಟ್ಟಿನಲ್ಲಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಕೂತ. ಹತ್ತು ವರ್ಷಕ್ಕೆ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಆದ. ಮತ್ತೆ ಹನ್ನೆರಡು ವರ್ಷಕ್ಕೆ ಹಳೆಯ ಮಷಿನುಗಳನ್ನು ಒಂದೊಂದಾಗಿ ಕೊಂಡು, ತೊಳೆದು, ಎಣ್ಣೆ ಹಾಕಿ, ಸತ್ಯನಾರಾಯಣಪೇಟೆಯ ಒಂದು ಓಣಿಯಲ್ಲಿ ತನ್ನದೇ ಯೂನಿಟ್ ತೆರೆದ. ಅಲ್ಲಿ ಏಳು ಮಂದಿ ಹೆಂಗಸರು. ಅವರ ಮುಂದಾಳು ಹುಲುಗಮ್ಮ, ಸಿರುಗುಪ್ಪದ ಹತ್ತಿರದ ದೇಶನೂರಿನವಳು. ಪ್ಯಾಂಟಿಗೆ ಸೊಂಟದ ಪಟ್ಟಿ ಕೂಡಿಸುವುದರಲ್ಲಿ ಅವಳ ಕೈ ಎಂಥದ್ದೆಂದರೆ, ಅವಳು ಹೊಲಿದ ಗೆರೆಯ ಮೇಲೆ ಇರುವೆ ನಡೆದರೂ ದಾರಿ ತಪ್ಪುವುದಿಲ್ಲ. ಅವಳ ಬಾಯಿ ಕೂಡ ಹಾಗೇ ನೆಟ್ಟಗೆ.

ವರ್ಷದ ಹಿಂದೆ ಚೆನ್ನೈನ ವ್ಯಾಪಾರಿಯೊಬ್ಬನ ಮೂಲಕ ಕೊಲಂಬೊದ ಒಂದು ಬಟ್ಟೆ ಅಂಗಡಿಗೆ ಮಾಲು ಹೋಗತೊಡಗಿತ್ತು. ಅಂದಿನಿಂದ ಗಾದಿಲಿಂಗ ನೆಲದ ಮೇಲೆ ನಡೆದದ್ದು ಕಡಿಮೆ. ಬೋರ್ಡಿನ ಮೇಲೆ ‘ಎಕ್ಸ್‌ಪೋರ್ಟ್ಸ್’ ಎಂದು ಬರೆಸಿದ. ವಿಸಿಟಿಂಗ್ ಕಾರ್ಡ್ ಮಾಡಿಸಿ ಹಾಲಿನವನಿಗೂ ಕೊಟ್ಟ. ಗೋಡೆಗೆ ಎರಡು ಗಡಿಯಾರ ಹೊಡೆಸಿ ಒಂದರ ಕೆಳಗೆ ಬಳ್ಳಾರಿ, ಇನ್ನೊಂದರ ಕೆಳಗೆ ಕೊಲಂಬೊ ಎಂದು ಚೀಟಿ ಅಂಟಿಸಿದ. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. ಲಂಕೆಯ ಹೊತ್ತೂ ನಮ್ಮ ಹೊತ್ತೂ ಒಂದೇ ಎಂದು ಆಮೇಲೆ ತಿಳಿಯಿತು. ಮತ್ಯಾಕ ಎರಡು ಎಂದು ಹುಲುಗಮ್ಮ ಕೇಳಿದ್ದಕ್ಕೆ, ಒಂದರ ಸೆಲ್ಲು ಹೋದರೆ ಇನ್ನೊಂದು ಇರಲಿ ಅಂತ, ಎಂದ.

ಒಗ್ಗರಣಿ ತಿನ್ನಿಸಿದ ಮಧ್ಯಾಹ್ನವೇ ಚೆನ್ನೈನಿಂದ ಫೋನ್ ಬಂತು. ಇಬ್ಬರದೂ ಮಾತು ತೆಲುಗಿನಲ್ಲಿ. ಮಾಲು ಕಳಿಸಬೇಡ, ಕೊಲಂಬೊದ ಬ್ಯಾಂಕಿನಲ್ಲಿ ಡಾಲರ್ ಇಲ್ಲ, ಅಂಗಡಿಯವನ ಹತ್ತಿರ ಅವರ ದೇಶದ ನೋಟು ಕಂತೆಗಟ್ಟಲೆ ಇದ್ದರೂ ಹೊರಗಿನವರು ಯಾರೂ ಅದನ್ನು ಮುಟ್ಟುವುದಿಲ್ಲ, ಇರುವ ನಾಲ್ಕು ಡಾಲರಿಗೆ ಎಣ್ಣೆ, ಔಷಧಿ, ಗ್ಯಾಸು ಸಾಲಾಗಿ ನಿಂತಿವೆ, ನಿನ್ನ ಪ್ಯಾಂಟು ಆ ಸಾಲಿನ ಕೊನೆಯಲ್ಲೂ ಇಲ್ಲ ಎಂದ ವ್ಯಾಪಾರಿ.

ಗಾದಿಲಿಂಗ ತನ್ನ ಬಾಯಿಪಾಠ ಒಪ್ಪಿಸಿದ. ರೂಪಾಯಿ ಬಿದ್ದರೆ ನಮಗೆ ಲಾಭ ಅಲ್ಲವೇ?

ಬಿದ್ದದ್ದು ಅವರ ರೂಪಾಯಿ ಮಾರಾಯಾ, ಎಂದ ವ್ಯಾಪಾರಿ. ಅವರದ್ದಕ್ಕೂ ರೂಪಾಯಿ ಅಂತಲೇ ಹೆಸರು. ನಿಮ್ಮ ಕುರುಗೋಡಿನಲ್ಲಿ ನಲವತ್ತು ಜನ ಗಾದಿಲಿಂಗ ಇದ್ದಾರು. ಒಬ್ಬ ಬಾವಿಗೆ ಬಿದ್ದರೆ ಉಳಿದವರೂ ಬಿದ್ದಹಾಗಾ?

ಮಾತು ಸರಿಯಾಗಿಯೇ ಇತ್ತು. ಆದರೆ ಆ ಸಲ ಬಾವಿಗೆ ಬಿದ್ದವನು ಈ ಗಾದಿಲಿಂಗನ ಪಂಚೆಯ ಚುಂಗು ಹಿಡಿದುಕೊಂಡೇ ಬಿದ್ದಿದ್ದ. ಯೂನಿಟ್ಟಿನಲ್ಲಿ ಎರಡು ಸಾವಿರದ ನಾನ್ನೂರು ಪ್ಯಾಂಟು, ತೊಳೆದು ಮಡಚಿ ಗಂಟು ಕಟ್ಟಿ, ಹೊರಡಲು ಕೂತಿದ್ದವು. ಅವನ ಕೈಯಲ್ಲಿದ್ದದ್ದೆಲ್ಲ ಆ ಗಂಟುಗಳಲ್ಲೇ ಇತ್ತು. ಅವು ಮಾರಿದರೆ ಮುಂದಿನ ಬಟ್ಟೆ. ಇಲ್ಲದಿದ್ದರೆ ಮಷಿನು ಬಂದ್.

ಹುಲುಗಮ್ಮ ಸುತ್ತು ಬಳಸಿ ಮಾತಾಡುವವಳಲ್ಲ. ಊರ ಹೊರಗಿನ ಒಂದು ದೊಡ್ಡ ಯೂನಿಟ್ಟಿನವರು ಏಳೂ ಮಂದಿಯನ್ನು ಕರೆಯುತ್ತಿದ್ದಾರೆಂದು ಹೇಳಿಯೇಬಿಟ್ಟಳು.

“ಯುಗಾದಿ ತನಕ ಕಾಯ್ತೀವಿ ಅಣ್ಣ. ಹಬ್ಬ ಆದ ಸೋಮವಾರ ಇಲ್ಲಿ ಕೆಲ್ಸ ಇದ್ರ ಇಲ್ಲಿಗೆ ಬರ್ತೀವಿ, ಇಲ್ಲಾಂದ್ರ ಅಲ್ಲಿಗೆ. ನಿಮ್ಮ ಮ್ಯಾಲೆ ಸಿಟ್ಟಿಲ್ಲ.”

ಸಿಟ್ಟಿಲ್ಲ ಎಂದದ್ದೇ ಅವನಿಗೆ ನಾಟಿತು. ಮಷಿನು ಮತ್ತೆ ಕೊಳ್ಳಬಹುದು. ಅಂಥ ಏಳು ಜೊತೆ ಕೈ ಎಲ್ಲಿಂದ ತರುವುದು? ಅವರು ಹೋದರೆ ತಾನೂ ಮತ್ತೆ ಯಾರದೋ ಯೂನಿಟ್ಟಿನಲ್ಲಿ ಕತ್ತರಿ ಹಿಡಿದು ನಿಲ್ಲಬೇಕು. ಐವತ್ತರ ಮೇಲೆ.

ಅವನಿಗೇ ಬಂದ ಸಿಟ್ಟಿಗೆ ಚೆನ್ನೈನ ವ್ಯಾಪಾರಿಯಿಂದ ನಂಬರು ತೆಗೆದುಕೊಂಡು ಕೊಲಂಬೊದವನಿಗೇ ಫೋನ್ ಹಚ್ಚಿದ. ಬೈಯಬೇಕೆಂದು ಮೊದಲೇ ನಾಲ್ಕು ಇಂಗ್ಲಿಷ್ ಮಾತು ಹೊಂದಿಸಿಕೊಂಡಿದ್ದ. ಆ ಕಡೆ ಜನರ ಗದ್ದಲ, ಖಾಲಿ ಸಿಲಿಂಡರುಗಳ ಸದ್ದು. “ಸಾರಿ, ಬ್ರದರ್. ಗ್ಯಾಸ್ ಲೈನ್. ಟೂ ಡೇಸ್,” ಎಂದಿತು ದಣಿದ ದನಿ. ಅವನಿಗೂ ಇಂಗ್ಲಿಷ್ ಇಷ್ಟೇ. ಗಾದಿಲಿಂಗ ಹೊಂದಿಸಿಕೊಂಡಿದ್ದ ನಾಲ್ಕು ಮಾತೂ ಬಿಟ್ಟ. ಕೊನೆಗೆ ಊಟ ಆಯಿತೇ ಎಂದು ಕೇಳಲು “ಈಟಿಂಗ್?” ಎಂದ. “ಈಟಿಂಗ್, ಈಟಿಂಗ್,” ಎಂದ ಅವನು. ಸುಳ್ಳು ಎಂದು ಇಬ್ಬರಿಗೂ ಗೊತ್ತಾಗಿ ಫೋನ್ ಇಟ್ಟರು.

ಇನ್ನು ಮಾಲನ್ನು ಇಲ್ಲೇ ಮಾರಬೇಕು. ಅಡ್ಡ ಬಂದದ್ದು ಹಿಂದಿನ ಪಟ್ಟಿ. ಪ್ರತಿ ಪ್ಯಾಂಟಿನ ಹಿಂದೆ, ಸೊಂಟದ ಮೇಲೆ, ಕೊಲಂಬೊದವನು ಕಳಿಸಿದ್ದ ಚರ್ಮದ ಪಟ್ಟಿ. ಅದರ ಮೇಲೆ ಅವನ ಅಂಗಡಿಯ ಹೆಸರು ಸಿಂಹಳದಲ್ಲಿ. ಗುಂಡಗುಂಡಗಿನ ಅಕ್ಷರ, ಜಿಲೇಬಿ ಸುತ್ತಿದಹಾಗೆ. ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ, ತೂತು ಬಿದ್ದ ಪ್ಯಾಂಟನ್ನು ಯಾರೂ ಹೊಸದು ಅನ್ನುವುದಿಲ್ಲ. ಬಳ್ಳಾರಿಯ ಗಾಂಧಿನಗರದ ಅಂಗಡಿಯವರು ಇಂಗ್ಲಿಷ್ ಇಲ್ಲದ ಜೀನ್ಸ್ ಜೀನ್ಸೇ ಅಲ್ಲ ಎಂದು ವಾಪಸ್ ಕಳಿಸಿದರು.

ಗಾದಿಲಿಂಗ ಸಿರುಗುಪ್ಪಕ್ಕೆ ಹೋದ. ಅಲ್ಲಿ ಬಟ್ಟೆ ಅಂಗಡಿಯ ಮಾರೇಶ್ ಪಟ್ಟಿಯನ್ನು ಬೆಳಕಿಗೆ ಹಿಡಿದು, ತೆಲುಗೇನ್ರೀ ಇದು ಎಂದ. ಅಲ್ಲೇ ಕೂತಿದ್ದ ಆಂಧ್ರದ ಆದೋನಿ ಕಡೆಯ ಗಿರಾಕಿಯೊಬ್ಬ ಕೈಗೆ ತೆಗೆದುಕೊಂಡು, ತೆಲುಗಲ್ಲ, ಇದು ನಿಮ್ಮ ಕನ್ನಡ ಎಂದು ತೀರ್ಪು ಕೊಟ್ಟ. ಎರಡೂ ಭಾಷೆ ಓದುವ ಊರಿನಲ್ಲಿ ತಾನು ಓದಲಾಗದ್ದು ಇನ್ನೊಬ್ಬರದು ಎಂದು ಬಿಡುವುದು ರೂಢಿ. ಅಷ್ಟಕ್ಕೇ ಬಿಟ್ಟಿದ್ದರೆ ವ್ಯಾಪಾರ ಕುದುರುತ್ತಿತ್ತೋ ಏನೋ. ಗಾದಿಲಿಂಗ ಬಿಡಲಿಲ್ಲ. ಇದು ಸಿಂಹಳ ಎಂದು ಶುರುಮಾಡಿ, ಲಂಕೆಯ ಡಾಲರ್ ಹೇಗೆ ಬರಿದಾಯಿತು, ಒಂದು ಸಣ್ಣ ದೇಶ ಮುಗ್ಗರಿಸಿದರೆ ದುಡ್ಡು ಹಾಕಿದ ದೊಡ್ಡವರು ಬೆದರಿ ಅಕ್ಕಪಕ್ಕದ ದೇಶಗಳಿಂದಲೂ ಹೇಗೆ ಕಾಲು ತೆಗೆಯುತ್ತಾರೆ, ಎಲ್ಲವನ್ನೂ ಅರ್ಧ ಗಂಟೆ ಹೇಳಿದ. ಹೇಳಿದ್ದು ತಪ್ಪೇನೂ ಇರಲಿಲ್ಲ. ಮಾರೇಶ್ ತಾಳ್ಮೆಯಿಂದ ಕೇಳಿ ಪ್ಯಾಂಟು ಮಡಚಿ ಮುಂದಿಟ್ಟ.

“ಅಲ್ರೀ, ಆ ದೇಶದಾಗ ಮುಳುಗಿದ ಮಾಲು ನನ್ನ ಅಂಗಡ್ಯಾಗ ತೇಲ್ತೈತೇನು?”

ಬಳ್ಳಾರಿಗೆ ಬಂದರೆ ಜಿಪ್ಪಿನ ವ್ಯಾಪಾರಿ ರೇಟು ಏರಿಸಿ ಕೂತಿದ್ದ. ನಮ್ಮ ರೂಪಾಯಿಯೂ ಆ ವಾರಗಳಲ್ಲಿ ಸ್ವಲ್ಪ ಜಾರಿತ್ತು. ಎಲ್ಲೋ ಯುದ್ಧ, ಎಲ್ಲೋ ಎಣ್ಣೆ. ಅವನಂತೂ ಎಲ್ಲದಕ್ಕೂ ಡಾಲರ್ ಎಂಬ ಒಂದೇ ಮಾತು ಕಲಿತಿದ್ದ. ಜಿಪ್ಪು ಚೀನಾದ್ದು, ಕೊಲಂಬೊಗೂ ಅದಕ್ಕೂ ಏನು ಸಂಬಂಧ ಎಂದು ಗಾದಿಲಿಂಗ ಯೂನಿಟ್ಟಿಗೆ ಬಂದು ಗೊಣಗಿದ. ಅಳಿದುಳಿದ ತುಂಡು ಬಟ್ಟೆ ಹೊಲಿಯುತ್ತಿದ್ದ ಹುಲುಗಮ್ಮ ಮಷಿನಿನಿಂದ ತಲೆಯೆತ್ತಲಿಲ್ಲ. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ,” ಎಂದಳು. ಅವನು ಮಾರೇಶನ ಮುಂದೆ ಅರ್ಧ ಗಂಟೆ ಹೇಳಿದ್ದೆಲ್ಲ ಅದರಲ್ಲಿತ್ತು.

ಯುಗಾದಿಗೆ ಐದು ದಿನ ಉಳಿದಿತ್ತು. ಗಂಟುಗಳು ಇದ್ದಲ್ಲೇ ಇದ್ದವು. ಸಿರುಗುಪ್ಪದ ಸಂತೆಗೆ ತಾನೂ ಬರುತ್ತೇನೆಂದು ಹುಲುಗಮ್ಮ ತಾನಾಗಿಯೇ ಹೇಳಿದಳು. ಒಂದೇ ಷರತ್ತು.

“ನೀವು ಗಂಟು ಹೊರ್ರಿ. ಮಾತು ನನಗಿರ್ಲಿ.”

ಸಂತೆಯಲ್ಲಿ ತಾಡಪಾಲು ಹಾಸಿ ಪ್ಯಾಂಟು ಹರವಿದರು. ದೇಶನೂರಿನವರು ಹಬ್ಬದ ಬಟ್ಟೆಗೆ ಬಂದಿದ್ದರು. ಅರ್ಧ ಜನಕ್ಕೆ ಅವಳು ಅಕ್ಕನೋ ಅತ್ತೆಯೋ ಆಗಬೇಕು. ಒಬ್ಬ ಹುಡುಗ ಪಟ್ಟಿಯನ್ನು ನೋಡಿ ಇದು ತೆಲುಗು ಹೀರೋ ಹಾಕುವ ಕಂಪನಿ ಎಂದ. ಅವನ ಜೊತೆಗಿದ್ದ ಆದೋನಿಯ ನೆಂಟ, ಛೆ, ಕನ್ನಡ ಹೀರೋದ್ದು ಎಂದ. ಇಬ್ಬರೂ ವಾದಕ್ಕೆ ನಿಂತು, ಗೆದ್ದವನು ಯಾರೆಂದು ಅವಳನ್ನೇ ಕೇಳಿದರು. ಗಾದಿಲಿಂಗನ ಬಾಯಿ ತೆರೆದಿತ್ತು. ಹುಲುಗಮ್ಮ ಅವನ ಕಡೆ ಒಮ್ಮೆ ನೋಡಿದಳು, ಬಾಯಿ ಮುಚ್ಚಿತು.

“ನನಗ ಹೊಲಿಯಾಕ ಬರ್ತೈತಿ, ಓದಾಕ ಬರಂಗಿಲ್ಲಪ್ಪ. ಹೊರದೇಶಕ್ಕ ಹೋಗ್ಬೇಕಿತ್ತು, ಹೋಗ್ಲಿಲ್ಲ, ಇಲ್ಲಿ ಬಂದೈತಿ. ಪಟ್ಟಿ ಇರೋದು ಹಿಂದ. ನಿನಗೆಲ್ಲಿ ಕಾಣ್ತೈತಿ? ಹಿಂದ ಬರೋರು ಓದ್ಕೊಳ್ಳಿ. ನೀ ಸೊಂಟ ನೋಡ್ಕೋ, ಹೊಲಿಗಿ ಜಗ್ಗಿ ನೋಡು.”

ಹುಡುಗ ಜಗ್ಗಿದ. ಹೊಲಿಗೆ ಜಗ್ಗಲಿಲ್ಲ. ಅವನು ಕೊಂಡ, ಸೋಲಬಾರದೆಂದು ನೆಂಟನೂ ಕೊಂಡ. ಮಧ್ಯಾಹ್ನದ ಹೊತ್ತಿಗೆ ಹಿಂದೆ ಬರೋರು ಓದ್ಕೊಳ್ಳಿ ಎಂಬುದು ಸಂತೆಯ ತಮಾಷೆಯಾಗಿತ್ತು. ಮಾರೇಶ್ ಅಂಗಡಿಯಿಂದ ಎದ್ದು ಬಂದು, ನಿಂತು ನೋಡಿ, ಸಾವಿರದಿನ್ನೂರು ಪ್ಯಾಂಟು ತನಗಿರಲಿ ಎಂದ. ಲಾಭವೇನೂ ದೊಡ್ಡದಲ್ಲ, ಕೈ ಕಚ್ಚಲಿಲ್ಲ ಅಷ್ಟೆ. ಹೊತ್ತು ಮುಳುಗುವ ತನಕ ಗಾದಿಲಿಂಗ ಗಂಟು ಹೊತ್ತ. ಎಕ್ಸ್‌ಪೋರ್ಟರ್ ಆದಮೇಲೆ ಅವನ ಬೆನ್ನು ಭಾರ ಕಂಡದ್ದು ಅದೇ ಮೊದಲು.

ಉಳಿದದ್ದು ಆರುನೂರು ಪ್ಯಾಂಟು, ಉಳಿದ ಊರು ಕುರುಗೋಡು. ಅಲ್ಲಿಗೆ ಮಾತ್ರ ಬೇಡ ಎಂದು ಗಾದಿಲಿಂಗ ಹಟ ಹಿಡಿದ. ಕಳೆದ ವರ್ಷ ಅದೇ ಊರಿನಲ್ಲಿ ಮನೆಮನೆಗೆ ಕಾರ್ಡ್ ಹಂಚಿದ್ದ. ಈಗ ಅಲ್ಲೇ ನೆಲದ ಮೇಲೆ ತಾಡಪಾಲು ಹಾಸುವುದು ಹೇಗೆ? ಹುಲುಗಮ್ಮ ಬಲವಂತ ಮಾಡಲಿಲ್ಲ. ಮನೆಯಲ್ಲಿ ಹಬ್ಬದ ಕೆಲಸವಿದೆ, ನೀವೇ ಯೋಚನೆ ಮಾಡಿರಿ ಎಂದು ಹೋದಳು. ಅಮಾವಾಸ್ಯೆಯ ದಿನ ಬೆಳಿಗ್ಗೆ ಅವನು ಒಬ್ಬನೇ ಟಂಟಂ ಆಟೋದಲ್ಲಿ ಗಂಟು ಹೇರಿಕೊಂಡು ಕುರುಗೋಡಿಗೆ ಹೋದ.

ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲು ಸಿಕ್ಕವನೇ ಸೋದರಮಾವ ಮೈಲಾರಪ್ಪ, ಎಪ್ಪತ್ತರ ಮುದುಕ. ತಾಡಪಾಲನ್ನೂ ಅಳಿಯನನ್ನೂ ನೋಡಿ ಊರುಗೋಲು ಊರಿ ನಿಂತ.

“ಏನಲೇ ಗಾದ್ಯಾ, ಫಾರಿನ್ನು ಕುರುಗೋಡಿಗೇ ಬಂತೇನು?”

ಸುತ್ತಲಿನವರು ನಕ್ಕರು. ಲಂಕೆ, ಬ್ಯಾಂಕು, ಡಾಲರು ಎಲ್ಲ ಒಟ್ಟಿಗೆ ಗಾದಿಲಿಂಗನ ನಾಲಿಗೆಯ ತುದಿಗೆ ಬಂದವು. ಅವನು ನುಂಗಿದ.

“ಹೂಂ ಮಾಮಾ, ಬಂತು. ನಿನ್ನ ಸೊಂಟ ಎಷ್ಟು?”

ಮುದುಕನೂ ನಕ್ಕ. ನನಗ ಬ್ಯಾಡ, ಮೊಮ್ಮಗಗ ಕೊಡು ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕರೆದ. ಸಂಜೆಗೆ ನಲವತ್ತು ಪ್ಯಾಂಟು ಮಿಕ್ಕವು.

ಹಬ್ಬ ಶನಿವಾರ ಆಯಿತು. ಸೋಮವಾರ ಗಾದಿಲಿಂಗ ಏಳಕ್ಕೇ ಯೂನಿಟ್ ತೆರೆದು ಹೊಸ ಬಟ್ಟೆಯ ಥಾನನ್ನು ಕಟಿಂಗ್ ಮೇಜಿನ ಮೇಲೆ ಹಾಸಿದ. ಬಟ್ಟೆ ಬಂದಿದೆ ಎಂದು ಭಾನುವಾರವೇ ಹೇಳಿಕಳಿಸಬಹುದಿತ್ತು. ಹೇಳಿಕಳಿಸಿ ಹುಲುಗಮ್ಮ ಬರದಿದ್ದರೆ ಎಂಬ ಭಯಕ್ಕೆ ಸುಮ್ಮನಿದ್ದ. ಒಂಬತ್ತಕ್ಕೆ ಬರಬೇಕಾದವರು ಒಂಬತ್ತೂಕಾಲಾದರೂ ಇಲ್ಲ. ಒಂಬತ್ತೂವರೆಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು, ಒಂದು ಜೊತೆ, ಎರಡು, ಮೂರು. ಏಳೂ ಮುಗಿಯುವ ತನಕ ಅವನು ತಲೆಯೆತ್ತದೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ನಿಂತ. ಗೆರೆ ಸೊಟ್ಟಗಿತ್ತು.

ಹುಲುಗಮ್ಮ ತನ್ನ ಮಷಿನಿನ ಮುಂದೆ ಕೂತು ಒಮ್ಮೆ ಪೆಡಲ್ ತುಳಿದಳು, ಕಿವಿಗೊಟ್ಟು ಕೇಳಿದಳು, ನಿಲ್ಲಿಸಿದಳು.

“ಹದಿನೈದು ದಿನದಾಗ ಒಂದು ತೊಟ್ಟು ಎಣ್ಣಿ ಬಿಟ್ಟಿಲ್ಲ ಅಣ್ಣ ಇದಕ್ಕ.”

ಗಾದಿಲಿಂಗ ಎಣ್ಣೆಯ ಡಬ್ಬಿ ಹುಡುಕಲು ಹೋದ.