ಓದಿದೆ ಎಂದ ಓದುಗ

ಪದ್ಮಶ್ರೀಗೆ ಕರುಳಿರಲಿಲ್ಲ. ಒಂದು ಒಳ್ಳೆಯ ವಾಕ್ಯ ಕೈಗೆ ಹತ್ತುವುದಾದರೆ ಯಾರ ಸಂಕಟವನ್ನಾದರೂ ಬಳಸಿಕೊಳ್ಳುವ ಹೆಂಗಸು ಅವಳು. ಹೊಂಗನೂರಿನಲ್ಲಿ ಇದನ್ನು ಒಪ್ಪದವರಿರಲಿಲ್ಲ. ಅವಳ ಗಂಡ ಮುನೇಶನೂ ಎದುರು ವಾದಿಸುತ್ತಿರಲಿಲ್ಲ.

ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಸಂಜೆ ಬಸ್ಸಿಳಿದು ಬಂದವಳು ಕಾಫಿ ಕುಡಿದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ಊರಿನ ಹಿರಿಯರನ್ನು ಒಬ್ಬೊಬ್ಬರಾಗಿ ಕುರಿತು ಬರೆಯುವ ಬ್ಲಾಗು ಅವಳದು. ಅದರ ಕಾಟ ಒಂದೆರಡಲ್ಲ. ಒತ್ತಕ್ಷರಗಳು ಚದುರಿ ಬೀಳುತ್ತಿದ್ದವು, ಫೋಟೋ ತಲೆಕೆಳಗಾಗುತ್ತಿತ್ತು, ಪ್ರತಿಕ್ರಿಯೆ ಬಂತೆಂದು ಆಸೆಯಿಂದ ತೆರೆದರೆ ಸಾಲ ಕೊಡುವವರ ಜಾಹೀರಾತು. ಓದಿದವರ ಸಂಖ್ಯೆ ಏರಿದ್ದರೆ ಅದು ಬಹುಪಾಲು ಅವಳೇ ಮತ್ತೆ ಮತ್ತೆ ತೆರೆದು ನೋಡಿದ್ದರಿಂದ. ಆದರೂ ತಿದ್ದಿ ತಿದ್ದಿ ಒಂದು ವಾಕ್ಯ ಸರಿಯಾಗಿ ಕೂತಾಗ ಆಗುತ್ತಿದ್ದ ಸುಖವನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಮೊದಲು ಬರೆದದ್ದು ಕುರಿ ಕಾಯುತ್ತಿದ್ದ ಮುದುಕ ಚಿಕ್ಕಯ್ಯನ ಬಗ್ಗೆ. ಅಂಡಾಕಾರದ ಚೌಕಟ್ಟಿನಲ್ಲಿ ಅವನ ಮುಖ, ಸುತ್ತ ಮಲ್ಲಿಗೆ ಹೂವಿನ ಅಂಚು, ಕೆಳಗೆ ಹೆಸರು. ಮಾರನೆಯ ದಿನ ಅದರಡಿ ಒಂದೇ ಪದವಿತ್ತು: ‘ಓದಿದೆ.’ ಬರೆದವರ ಹೆಸರಿರಲಿಲ್ಲ. ಕೊನೆಗೂ ಒಬ್ಬ ಓದುಗ ಸಿಕ್ಕಿದನೆಂದು ಅವಳು ಹಿಗ್ಗಿದಳು. ಆ ವಾರವೇ ಚಿಕ್ಕಯ್ಯ ಕುರಿರೊಪ್ಪದ ಬಾಗಿಲಲ್ಲಿ ಕೂತಲ್ಲೇ ಹೋದ.

ವಯಸ್ಸಾಗಿತ್ತು, ಹೋದ, ಎಂದುಕೊಂಡಳು. ಆಮೇಲೆ ಊರಿನ ಮುದುಕಿ ದಾಸಮ್ಮನ ಬಗ್ಗೆ ಬರೆದಳು. ‘ಓದಿದೆ’ ಎಂದು ಬಂತು, ದಾಸಮ್ಮ ಹೋದಳು. ಹನುಮಂತಯ್ಯನದೂ ಹಾಗೆಯೇ ಆಯಿತು.

ಈಗ ಊರಿನವರು ಫೋನಿನಲ್ಲಿ ಬ್ಲಾಗು ತೆರೆದು ನೋಡತೊಡಗಿದರು. ಅವರಿಗೆ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ ಸತ್ತವರಿಗೆ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸು. ಅದೇ ಅಂಡಾಕಾರ, ಅದೇ ಹೂವು. ಪದ್ಮಶ್ರೀ ಅದನ್ನು ಚಂದವಿದೆಯೆಂದು ಆರಿಸಿದ್ದಳು, ಅಷ್ಟೆ. ಅಂಗಡಿಯ ಯಲ್ಲಮ್ಮ ಅವಳೆದುರು ಸೆರಗಿನಿಂದ ಮುಖ ಮುಚ್ಚಿಕೊಂಡೇ ಸಕ್ಕರೆ ತೂಗಿದಳು.

“ಬದ್ಕಿರೋರ್ಗೆ ಹಾರ ಹಾಕ್ಬುಟ್ರೆ ಯಮನ್ಗೆ ಅಡ್ರೆಸ್ ಕೊಟ್ಟಂಗಲ್ವಾ? ನನ್ನ ಮಾತ್ರ ಬರೀಬ್ಯಾಡ ಕಣವ್ವ, ಮೊಮ್ಮಗಳ ಮದ್ವೆ ಐತೆ.”

ಚೌಕಟ್ಟನ್ನಾದರೂ ಬದಲಿಸು ಎಂದು ಮುನೇಶ ಹೇಳಿದ. ಹಾಗೆ ಮಾಡಿದರೆ ಮೂಢನಂಬಿಕೆಗೆ ಮಣೆ ಹಾಕಿದಂತಾಗುತ್ತದೆ ಎಂದು ಅವಳು ಒಪ್ಪಲಿಲ್ಲ. ಓದುಗರ ಸಂಖ್ಯೆ ಸಾವಿರ ದಾಟಿತ್ತು, ಅದನ್ನು ಪಾಠದ ನಡುವೆಯೂ ಕದ್ದು ನೋಡುತ್ತಿದ್ದಳು. ಪ್ರತಿಕ್ರಿಯೆ ಬರೆಯುವ ಜಾಗವನ್ನು ಮಾತ್ರ ಮುಚ್ಚಿದಳು. ಏಕೆಂದು ತನಗೂ ಹೇಳಿಕೊಳ್ಳಲಿಲ್ಲ.

ಮುನೇಶನ ತಾಯಿ ಅಂಕಮ್ಮ ಸೊಂಟದ ಮೂಳೆ ಮುರಿದು ನಡುಮನೆಯಲ್ಲಿ ಮಲಗಿದ್ದರು. ರೇಷ್ಮೆಹುಳು ಸಾಕುವ ಕೆಲಸವನ್ನೆಲ್ಲ ತಾವೇ ಹೊತ್ತು, ಮದುವೆಯಾಗಿ ಬಂದ ಸೊಸೆಯನ್ನು ಎಂ.ಎಸ್ಸಿ. ಓದಿಸಿದವರು ಅವರೇ. ಪಕ್ಕದ ಹುಳುಮನೆಯಲ್ಲಿ ಹುಳುಗಳು ಕೊನೆಯ ಪೊರೆ ಬಿಟ್ಟು, ಸೊಪ್ಪು ಮೇಯುವ ಸದ್ದು ಜಿನುಗು ಮಳೆಯಂತೆ ಬಿಡದೆ ಕೇಳುತ್ತಿತ್ತು. ಒಂದು ಸಂಜೆ ಅಂಕಮ್ಮ ಸೊಸೆಯನ್ನು ಕರೆದರು.

“ನನ್ನೂ ಒಸಿ ಬರ್ದ್ಬುಡು ಪದ್ಮ. ಮಲ್ಗಿ ಮಲ್ಗಿ ಸಾಕಾಗೈತೆ.”

“ಅದೆಲ್ಲ ಸುಳ್ಳು ಅತ್ತೆ. ಬರೆದ್ರೆ ಯಾರೂ ಸಾಯಲ್ಲ.”

“ಸುಳ್ಳಾದ್ಮೇಲೆ ಬರಿಯಕ್ಕೆ ನಿಂಗೇನು ಭಯ?”

ಭೌತಶಾಸ್ತ್ರದ ಮೇಡಂ ಲ್ಯಾಪ್‌ಟಾಪು ತೆರೆದಳು. ಬರೆದಳು. ಅವಳು ಬರೆದುದರಲ್ಲೆಲ್ಲ ಅದೇ ಮೇಲು. ಮೇಯುವ ಸದ್ದು ಕೇಳಿಯೇ ಸೊಪ್ಪು ಸಾಲದೆಂದು ತಿಳಿಯುವ ಕಿವಿ, ಪೊರೆ ಬಿಡುವ ಹುಳುವಿಗೆ ನಿದ್ದೆ ಕೆಟ್ಟೀತೆಂದು ಆ ದಿನಗಳಲ್ಲಿ ಪಿಸುಗುಟ್ಟುವ ಬಾಯಿ, ಎಲ್ಲ ಅದರಲ್ಲಿತ್ತು. ಓದಿ ಹೇಳಿದಾಗ ಅಂಕಮ್ಮ ಕಣ್ಣು ಮುಚ್ಚಿಯೇ ಕೇಳಿದರು. ಚೆನ್ನಾಗೈತೆ, ಫೋಟೋಕ್ಕೆ ಹೂವ ಮರೀಬೇಡ ಎಂದರು.

ಹೂವಿನ ಅಂಚಿನೊಳಗೆ ಅತ್ತೆಯ ಮುಖ ಕೂತ ಗಳಿಗೆಯಲ್ಲಿ ಹುಳುಮನೆಯ ಸದ್ದು ನಿಂತುಹೋಯಿತು. ಗೂಡು ಕಟ್ಟುವ ಹೊತ್ತಿಗೆ ಹುಳು ಮೇವು ಬಿಡುವುದು ಸಹಜ. ಆದರೆ ಒಂದೊಂದಾಗಿ ಬಿಡುತ್ತವೆ. ಹೀಗೆ ಅಷ್ಟೂ ಒಟ್ಟಿಗೆ ಬಾಯಿ ಮುಚ್ಚುವುದಿಲ್ಲ. ಮುನೇಶ ಹುಳುಮನೆಯಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತ.

“ಹಾಕ್ದಾ?” ಎಂದು ಅಂಕಮ್ಮ ಒಳಗಿನಿಂದ ಕೇಳಿದರು.

ಪದ್ಮಶ್ರೀ ಬರೆದದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದೂ ಉಳಿಯದಂತೆ ಅಳಿಸಿದಳು. ಅತ್ತೆಯ ಫೋಟೋ ತೆಗೆದು, ಅದೇ ಚೌಕಟ್ಟಿನಲ್ಲಿ ತನ್ನದನ್ನು ಕೂರಿಸಿ, ಕೆಳಗೆ ತನ್ನ ಹೆಸರು ಬರೆದಳು.

“ಹಾಕ್ದೆ, ಅತ್ತೆ.”

ಅಂಕಮ್ಮ ನಿಟ್ಟುಸಿರು ಬಿಟ್ಟು ಮಗ್ಗುಲಾದರು. ಪದ್ಮಶ್ರೀ ಪ್ರಕಟಿಸುವ ಗುಂಡಿ ಒತ್ತಿ, ತಾನೇ ಮುಚ್ಚಿದ್ದ ಪ್ರತಿಕ್ರಿಯೆಯ ಜಾಗವನ್ನು ತೆರೆದಿಟ್ಟಳು.