ಟವರ್ ಹತ್ತಿದವರು

ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚಿನವರನ್ನು ಕಟ್ಟಿಕೊಂಡವಳಿಗೆ ಮನೆಯ ಮೇಲೆ ತಂತಿ, ಮನೆಯೊಳಗೆ ಗೊರಗೊರ ಸದ್ದು, ಎರಡೂ ತಪ್ಪಿದ್ದಲ್ಲ. ಗೊರೂರು ಅಣೆಕಟ್ಟಿನ ವೈರ್‌ಲೆಸ್ ಕೋಣೆಯಲ್ಲಿ ನೌಕರಿ ಮುಗಿಸಿ ಬಂದ ನಮ್ಮೆಜಮಾನರಿಗೆ ಉಳಿದಿದ್ದದ್ದು ಒಂದೇ ಆಸೆ. ಹೊಳೆನರಸೀಪುರದ ನಮ್ಮ ಹಿತ್ತಲಲ್ಲಿ ಸ್ವಂತದ್ದೊಂದು ಟವರ್ ನಿಲ್ಲಿಸಿ, ತಾವೇ ಹತ್ತಿ ಅದರ ತುದಿಗೆ ಆಂಟೆನಾ ಕಟ್ಟಬೇಕು. ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರ ಟವರುಗಳನ್ನೆಲ್ಲ ಹತ್ತಿಕೊಟ್ಟವರಿಗೆ ತಮ್ಮದೇ ಒಂದು ಇರಲಿಲ್ಲ.

ಅವರ ಎಚ್ಚರಿಕೆ ನನಗೆ ತಲೆ ಚಿಟ್ಟು ಹಿಡಿಸುತ್ತಿತ್ತು. ಟವರ್ ಯಾವ ಕಡೆ ಬಿದ್ದರೂ ಬೀದಿಯ ಕರೆಂಟ್ ತಂತಿಗೆ ತಾಗಬಾರದೆಂದು ಹಗ್ಗ ಹಿಡಿದು ಹಿತ್ತಲನ್ನು ಅಳೆದದ್ದೇ ಅಳೆದದ್ದು. ಕೊನೆಗೆ ಗುಂಡಿ ತೋಡಿದ್ದು ನನ್ನ ಕರಿಬೇವಿನ ಬುಡಕ್ಕೇ. ಸಿಡಿಲಿಗೆಂದು ಅರ್ಥಿಂಗ್, ಪಾಯದ ಕಾಂಕ್ರೀಟಿಗೆ ಬೆಳಿಗ್ಗೆ ಸಂಜೆ ನೀರು. "ಇದು ಟವರೋ, ಮದುವೆ ಚಪ್ಪರವೋ?" ಎಂದು ರೇಗಿಸಿದರೆ, "ಚಪ್ಪರ ಬಿದ್ರೆ ಯಾರೂ ಸಾಯಲ್ಲ ಕಣೇ," ಅನ್ನುತ್ತಿದ್ದರು.

ಹತ್ತುವವರಿಗೂ ಅವರದೊಂದು ಕಟ್ಟುನಿಟ್ಟು ಇತ್ತು. ಸೊಂಟದ ಬೆಲ್ಟಿನ ಕೊಕ್ಕೆಯನ್ನು ನೆಲದ ಮೇಲೆ ನಿಂತು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ತಾವೇ ಟವರಿನ ಅಡ್ಡಪಟ್ಟಿಗೆ ಸಿಕ್ಕಿಸಬೇಕು. ತಪ್ಪಿದರೆ ಅವತ್ತು ಹತ್ತುವಂತಿಲ್ಲ. ಎಂಥೆಂಥವರನ್ನೋ ಹಾಗೆ ಕೆಳಗೇ ಉಳಿಸಿದ್ದರು.

ಪಾಯ ಗಟ್ಟಿಯಾಗುವ ಹೊತ್ತಿಗೆ ಅವರ ಬಲಗೈ ನಡುಗತೊಡಗಿತ್ತು. ಹಾಸನದ ಡಾಕ್ಟರು ಪಾರ್ಕಿನ್ಸನ್ ಎಂದರು, ಮಾತ್ರೆ ಬರೆದುಕೊಟ್ಟರು. ಲೋಟಕ್ಕೆ ಅರ್ಧ ಕಾಫಿ ಮಾತ್ರ ಹಾಕಿ ಕೊಡುವುದನ್ನು ನಾನು ಕಲಿತೆ. ಟವರ್ ಹತ್ತುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಒಂದು ಬೆಳಿಗ್ಗೆ ಗೆಳೆಯರೆಲ್ಲ ಬಂದು ಟವರ್ ನಿಲ್ಲಿಸಿ, ಅದು ವಾಲದಂತೆ ಸುತ್ತ ಸ್ಟೇ ವೈರ್ ಬಿಗಿದರು. ಗಾಳಿಯೂ ಇರಲಿಲ್ಲ. ಇವರು ಬೆಲ್ಟ್ ಹಾಕಿಕೊಂಡು ಬುಡದಲ್ಲಿ ನಿಂತು ಕಣ್ಣು ಮುಚ್ಚಿದರು. ಕೊಕ್ಕೆ ಕಬ್ಬಿಣಕ್ಕೆ ಬಡಿದು ಕಟಕಟ ಅಂದಿತು, ಸಿಕ್ಕಲಿಲ್ಲ. ಇನ್ನೊಮ್ಮೆ ಸಿಕ್ಕಿಸಲು ನೋಡಿದರು, ಆಗಲಿಲ್ಲ. ಗೆಳೆಯರು ಬೇರೆಲ್ಲೋ ನೋಡುತ್ತ ನಿಂತರು.

"ನೀನೇ ಸಿಕ್ಕಿಸಿಕೊಡೇ. ಮೇಲೆ ಹೋದ್ಮೇಲೆ ಸರಿಹೋಗತ್ತೆ," ಎಂದರು, ನನಗಷ್ಟೇ ಕೇಳುವ ಹಾಗೆ. ಯಾವಾಗಲೂ ಹುಕುಂ ಮಾಡುವವರು ಅವತ್ತು ಬೇಡಿಕೊಂಡರು.

"ಇಲ್ಲಾರೀ. ಆಗಲ್ಲ."

"ಇದೊಂದ್ಸಲ ಕಣೇ."

"ನೀವು ಯಾರಿಗೂ ಸಿಕ್ಕಿಸಿಕೊಟ್ಟಿಲ್ಲ. ನಾನೂ ಕೊಡಲ್ಲ."

ಅರಕಲಗೂಡಿನ ಗೆಳೆಯರೊಬ್ಬರು ಹತ್ತಿರ ಬಂದರು. "ಟವರ್ ನಾನ್ ಅತ್ತೀನಿ ಬುಡಿ ಸಾ. ನೀವ್ ಕೆಳ್ಗಿಂದ ಏಳ್ತಾ ಇರಿ, ಅಂಗೇ ಕಟ್ತೀನಿ," ಎಂದು ಇವರ ಸೊಂಟದಿಂದ ಬೆಲ್ಟನ್ನು ಮೆಲ್ಲಗೆ ಬಿಚ್ಚಿಕೊಂಡರು. ಇವರು ಕುರ್ಚಿಯಲ್ಲಿ ಕುಳಿತು, ತಲೆಯೆತ್ತಿ, "ಎಡಕ್ಕೆ, ಇನ್ನೂ ಎಡಕ್ಕೆ," ಅನ್ನುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಅಳು ನಿಲ್ಲಲಿಲ್ಲ.

ಸಂಜೆ ರೇಡಿಯೋ ಹಚ್ಚಿದರು. ದೂರದ ಯಾವುದೋ ಊರಿನವರೊಬ್ಬರ ದನಿ ಪಕ್ಕದ ಮನೆಯಿಂದ ಬಂದಷ್ಟು ಚೊಕ್ಕವಾಗಿತ್ತು. ಹೊಸ ಟವರಿಗೆ ಶುಭಾಶಯ ಹೇಳಿ, ಆಂಟೆನಾ ಕಟ್ಟಲು ಹತ್ತಿದವರು ಯಾರು ಎಂದು ಅವರು ಕೇಳಿದರು.

ದೀಪ ಹಾಕಲು ಬಂದ ನಾನು ಬಾಗಿಲಲ್ಲೇ ನಿಂತೆ. ಇವರು ನಡುಗುವ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಎಡಗೈಯಲ್ಲಿ ಮೈಕ್ ಹಿಡಿದು, "ಇನ್ಯಾರು? ನಾನೇ ಹತ್ತಿದೆ," ಅಂದರು.

ಆಮೇಲೆ, ಬೆಳಗಿನಿಂದ ಮೊದಲ ಸಲ, ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.