ಹಣ್ಣಿಗೆ ಹಿಂಡಿದ ನಿಂಬೆ

ಮೇ ತಿಂಗಳ ರಜೆಗೆ ನವನಗರದ ನಮ್ಮ ಮನೆಯಲ್ಲಿ ಬಳಗವೆಲ್ಲ ಸೇರಿತ್ತು. ಊಟಕ್ಕೆ ಫ್ರೂಟ್ ಸಲಾಡ್ ನಾನು ಮಾಡುತ್ತೇನೆಂದು ನಾನೇ ಮುಂದಾಗಿ ಒಪ್ಪಿಕೊಂಡೆ. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ತಾಜಾ ಹಣ್ಣು ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದೆ. ಯಾರು ಕಿವಿಗೆ ಹಾಕಿಕೊಳ್ಳಬೇಕು? ದುರ್ಗದಬೈಲಿನ ಮಾರುಕಟ್ಟೆಯಿಂದ ಆರಿಸಿ ತಂದ ಆಪೂಸ್ ಮಾವು, ಪಪ್ಪಾಯಿ, ಸೇಬು, ದ್ರಾಕ್ಷಿಯನ್ನು ಬೆವರು ಒರೆಸಿಕೊಳ್ಳುತ್ತ ಎರಡು ತಾಸು ಹೆಚ್ಚಿದೆ. ಸೇಬು ಕಪ್ಪಾಗದಿರಲೆಂದು ಎರಡು ನಿಂಬೆಹಣ್ಣು ಹಿಂಡಿ, ಪಾತೇಲಿ ಮುಚ್ಚಿಟ್ಟು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಅತ್ತೆಯವರು ಅದಕ್ಕೆ ಎರಡು ಲೀಟರ್ ಹಾಲು ಸುರಿದು, ಏಲಕ್ಕಿ ಪುಡಿ ಉದುರಿಸಿ, ಸೌಟಾಡಿಸುತ್ತಿದ್ದರು. ಶೀಕರಣೆಯಾಗಲಿ, ಫ್ರೂಟ್ ಸಲಾಡಾಗಲಿ, ಈ ಮನೆಯಲ್ಲಿ ಹೆಚ್ಚಿದ ಹಣ್ಣಿಗೆ ಹಾಲು ಬೀಳಲೇಬೇಕು.

"ಹಾಲು ಹಾಕೂದ ಮರ್ತಿದ್ದಿ ನೋಡವಾ, ನಾನ ಹಾಕೇನಿ," ಎಂದರು.

"ಅತ್ಯಾರ, ಅದಕ್ಕ ಹಾಲು ಬ್ಯಾಡಾಗಿತ್ರೀ! ಲಿಂಬಿಹಣ್ಣು ಹಿಂಡೇನಿ!"

ಸೌಟು ನಿಂತಿತು. ಹಾಲು ಆಗಲೇ ಒಡೆಯತೊಡಗಿತ್ತು. ಅಷ್ಟು ಅಂದವಾಗಿ ಹೆಚ್ಚಿದ ಮಾವಿನ ಹೋಳುಗಳಿಗೆಲ್ಲ ಬಿಳಿ ಚೂರು ಅಂಟಿಕೊಂಡಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ಏನಾಯಿತೆಂದು ನಾದಿನಿ ಬಂದು ಇಣುಕಿದಳು. ಅತ್ತೆಯವರು ಅವಳ ಕಡೆ ತಿರುಗಿ, "ಹಣ್ಣಿಗೆ ಯಾರರ ಲಿಂಬಿಹಣ್ಣು ಹಿಂಡ್ತಾರೇನ?" ಎಂದರು.

ಎಲೆ ಹಾಕುವ ಹೊತ್ತಿಗೆ ಸುದ್ದಿ ಪಡಸಾಲೆಯನ್ನೆಲ್ಲ ಸುತ್ತಿ ಬಂದಿತ್ತು. ಹದಿನೆಂಟು ವರ್ಷ ಅದೇ ಒಲೆಯ ಮುಂದೆ ನಿಂತ ನನ್ನ ಬೆನ್ನು ಸವರಿ, ಬಳಗದ ಹಿರಿಯರೊಬ್ಬರು ಸಮಾಧಾನ ಹೇಳಿದರು: "ಇರಲಿ ಬಿಡವಾ, ಹಂಗ ಕಲೀತಿ."